ಹಳೇ ಬಂಗಲೆ ಮಾರಾಟಕ್ಕಿದೆ

ಕೇಳುಗರಿಗೆಲ್ಲ ನಮಸ್ಕಾರ.

ಬೆಂಗಳೂರಿನ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್ ನಿಮ್ಮಲ್ಲಿ ಹಲವರಿಗೆ ಗೊತ್ತಿರುತ್ತದೆ. ಒಂದು ಕಾಲಕ್ಕೆ ಅದು ಮೈಸೂರು ಯುವರಾಜರ ಆಸ್ತಿ. ಆಮೇಲೆ ಅದನ್ನು ಕೊಂಡವರು ಮಾಣಿಕ್ಯವೇಲು ಮುದಲಿಯಾರ್. ಬಡ ಮನೆಯಲ್ಲಿ ಹುಟ್ಟಿ, ಮ್ಯಾಂಗನೀಸ್ ಮತ್ತು ಕ್ರೋಮ್ ಗಣಿಗಳಿಂದ ಮೇಲೆ ಬಂದವರು. ಮುಂದೆ ವ್ಯಾಪಾರ ಕೈಕೊಟ್ಟಿತು. 1960ರ ದಶಕದಲ್ಲಿ ಮನೆ ಹರಾಜಿಗೆ ಬಂತು, ಸರ್ಕಾರದ ಕೈಸೇರಿತು. ಆಮೇಲೆ ಬಹಳ ವರ್ಷ ಅದನ್ನು ಕೇಳುವವರು ಕಡಿಮೆ.

2000ದಲ್ಲಿ ಕೇಂದ್ರದ ಸಂಸ್ಕೃತಿ ಇಲಾಖೆ ಅದನ್ನು ಗುತ್ತಿಗೆಗೆ ತೆಗೆದುಕೊಂಡಿತು. ಹಳೇ ಮನೆಯನ್ನು ರಿಪೇರಿ ಮಾಡಿ, ಅಂಗಳದ ಮರಗಳನ್ನು ಉಳಿಸಿಕೊಂಡು, ಹಿಂದೆ ಹೊಸ ಕಟ್ಟಡ ಕಟ್ಟಿದರು. 2009ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿಯಾಗಿ ಬಾಗಿಲು ತೆರೆಯಿತು. ದೆಹಲಿ, ಮುಂಬೈ ಬಿಟ್ಟರೆ ಇದೇ ಮೂರನೆಯದು. ಯಾರು ಬೇಕಾದರೂ ಟಿಕೆಟ್ ತೆಗೆದುಕೊಂಡು ಒಳಗೆ ಹೋಗಬಹುದು.

ಈಗ ಮುಂಬೈಗೆ ಬನ್ನಿ. ಮಲಬಾರ್ ಹಿಲ್‌ನಲ್ಲಿ ಮೆಹರಂಗೀರ್ ಅನ್ನೋ ಬಂಗಲೆ ಇತ್ತು. ದೇಶದ ಅಣುಶಕ್ತಿ ಕಾರ್ಯಕ್ರಮಕ್ಕೆ ಬುನಾದಿ ಹಾಕಿದ ವಿಜ್ಞಾನಿ ಹೋಮಿ ಭಾಭಾ ಅವರ ಮನೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಾಸ್ಮಿಕ್ ಕಿರಣಗಳ ಬಗ್ಗೆ ಕೆಲಸ ಮಾಡಿ, 1945ರಲ್ಲಿ ಮುಂಬೈಗೆ ಹೋದ ಅದೇ ಭಾಭಾ. 1966ರ ವಿಮಾನ ಅಪಘಾತದಲ್ಲಿ ಅವರು ತೀರಿಕೊಂಡ ಮೇಲೆ ಅವರ ತಮ್ಮ ಜಮ್ಷೆಡ್ ಆ ಮನೆಯನ್ನು ಜೋಪಾನ ಮಾಡಿದರು. 2007ರಲ್ಲಿ ಅವರೂ ಹೋದರು. ಮನೆ ಅವರೇ ಕಟ್ಟಿ ಬೆಳೆಸಿದ ಕಲಾ ಸಂಸ್ಥೆಗೆ ಸೇರಿತು. ಸಂಸ್ಥೆ ಅದನ್ನು 2014ರ ಜೂನ್‌ನಲ್ಲಿ ಹರಾಜು ಹಾಕಿತು. 372 ಕೋಟಿ ರೂಪಾಯಿಗೆ ಹೋಯಿತು. ಮ್ಯೂಸಿಯಂ ಮಾಡಿ ಎಂದು ಅಣುಶಕ್ತಿ ಕೇಂದ್ರದ ನೌಕರರು ಕೋರ್ಟಿಗೆ ಹೋದರು. ನಮ್ಮ ವಿಜ್ಞಾನಿ ಸಿ.ಎನ್.ಆರ್. ರಾವ್ ಪ್ರಧಾನಿಗೆ ಪತ್ರ ಬರೆದರು. ಯಾವುದೂ ನಡೆಯಲಿಲ್ಲ. 2016ರಲ್ಲಿ ಮನೆಯನ್ನು ಕೆಡವಿದರು.

ಅಲ್ಲಿ 372 ಕೋಟಿ ಕೊಟ್ಟಿದ್ದು ಗೋಡೆಗಲ್ಲ, ಜಾಗಕ್ಕೆ. ದೊಡ್ಡ ಊರುಗಳಲ್ಲಿ ಹಳೇ ಬಂಗಲೆ ಮಾರಾಟಕ್ಕಿದೆ ಎಂದರೆ ಬಹುಪಾಲು ಇದೇ ಲೆಕ್ಕ. 'ಪೂರ್ತಿ ನವೀಕರಿಸಿದ ಪಾರಂಪರಿಕ ಮನೆ' ಎಂದು ಜಾಹೀರಾತು ಹಾಕುತ್ತಾರೆ. ನೋಡಲು ಬರುವವರು ಕೇಳುವುದು ಮಾತ್ರ ಸೈಟ್ ಎಷ್ಟು, ರಸ್ತೆ ಎಷ್ಟು ಅಗಲ, ಎಷ್ಟು ಮಹಡಿ ಏರಿಸಬಹುದು ಅಂತ.

ಇದು ಯಾಕೆ ಸಂಕಟ ಅಂದರೆ, ಹಳೇ ಮನೆ ರಿಪೇರಿ ಮಾಡಿಸುವುದು ಸುಮ್ನೆ ಬಣ್ಣ ಬಳಿಸಿದ ಹಾಗಲ್ಲ. ನಮ್ಮ ಕಡೆಯ ಹಳೇ ಬಂಗಲೆಗಳ ಗೋಡೆ ಸುಣ್ಣದ ಗಾರೆಯದು. ಸುಣ್ಣವನ್ನು ವಾರಗಟ್ಟಲೆ ನೀರಲ್ಲಿ ನೆನೆಸಬೇಕು, ಮರಳು ಸೇರಿಸಿ ಅರೆಯಬೇಕು. ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಹಾಕುವ ಮೇಸ್ತ್ರಿಗಳು ಈಗಲೂ ಇದ್ದಾರೆ. ಅವಸರಕ್ಕೆ ಬಿದ್ದು ಇದೇ ಗೋಡೆಗೆ ಸಿಮೆಂಟ್ ಬಳಿದರೆ ಒಳಗಿನ ತೇವಕ್ಕೆ ಹೊರಗೆ ಬರಲು ದಾರಿ ಇರುವುದಿಲ್ಲ. ಒಂದೆರಡು ಮಳೆಗಾಲದಲ್ಲಿ ಗಿಲಾವು ಉಬ್ಬುತ್ತದೆ, ಬಿಳಿ ಉಪ್ಪು ಏಳುತ್ತದೆ. ಮೇಲೆ ಮದ್ರಾಸ್ ತಾರಸಿ. ತೇಗದ ಜಂತಿಗಳ ಮೇಲೆ ತೆಳು ಇಟ್ಟಿಗೆಯನ್ನು ಅಂಚಿಗೆ ನಿಲ್ಲಿಸಿ, ಓರೆಯಾಗಿ ಒಂದಕ್ಕೊಂದು ಒತ್ತಿ ಕೂರಿಸಿರುತ್ತಾರೆ. ಒಂದು ಜಂತಿ ಗೆದ್ದಲು ಹಿಡಿದರೆ ಅದರ ಎರಡೂ ಕಡೆಯ ಇಟ್ಟಿಗೆಗೆ ಆಸರೆ ಕೊಟ್ಟೇ ಜಂತಿ ಬದಲಿಸಬೇಕು. ಹೀಗೆ ಬದಲಿಸಿದ ಚಾವಣಿಯನ್ನು ಕೆಳಗೆ ನಿಂತು ನೋಡಿದರೆ ಹೊಸ ತುಂಡು ಯಾವುದು, ಹಳೆಯದು ಯಾವುದು ಎಂದು ಸುಲಭಕ್ಕೆ ಗುರುತು ಸಿಗುವುದಿಲ್ಲ. ಅಷ್ಟು ಚೆಂದದ ಕೆಲಸ ಅದು. ಇಷ್ಟೆಲ್ಲ ಮಾಡಿದ್ದು ಜೆಸಿಬಿ ಬಂದರೆ ಒಂದು ದಿನದ ಮಾತು.

'ಕೆಡವಬಾರದು ಅಂತ ಕ್ರಯಪತ್ರದಲ್ಲೇ ಬರೆಸಿಬಿಡೋಣ' ಎನ್ನುವವರಿದ್ದಾರೆ. ಕಾನೂನು ಅದಕ್ಕೆ ಅಷ್ಟಾಗಿ ಒಪ್ಪುವುದಿಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ, ಆಸ್ತಿಯನ್ನು ಪೂರ್ತಿ ಮಾರಿದ ಮೇಲೆ 'ಹೀಗೇ ಬಳಸಬೇಕು' ಎಂಬ ಷರತ್ತಿಗೆ ಕೊಂಡವನು ಕಟ್ಟುಬೀಳಬೇಕಿಲ್ಲ. ಪಕ್ಕದಲ್ಲೇ ನಿಮ್ಮದೇ ಇನ್ನೊಂದು ಜಾಗ ಇದ್ದು, ಅದರ ಒಳಿತಿಗಾಗಿ ಷರತ್ತು ಹಾಕಿದ್ದರೆ ಮಾತು ಬೇರೆ. ಇನ್ನು ಹಳೇ ಕಟ್ಟಡಗಳನ್ನು ಕಾಪಾಡಲೆಂದು ಮಾಡುವ ಪಾರಂಪರಿಕ ಕಟ್ಟಡಗಳ ಪಟ್ಟಿ ಇದೆಯಲ್ಲ, ಅದನ್ನೂ ಪೂರ್ತಿ ನಂಬುವ ಹಾಗಿಲ್ಲ. ಮುಂಬೈ 1995ರಲ್ಲೇ ಅದಕ್ಕೆ ನಿಯಮ ಮಾಡಿದ ಊರು. ಅಂಥ ಊರಲ್ಲೇ ಮೆಹರಂಗೀರ್ ಹೋಯಿತು.

ಅದಕ್ಕೇ ನನಗೆ ಮಾಣಿಕ್ಯವೇಲು ಮ್ಯಾನ್ಷನ್ ದಾರಿ ಮುಖ್ಯ ಅನ್ನಿಸುತ್ತದೆ. ಆ ಮನೆಗೆ ಮರುಜೀವ ಕೊಟ್ಟಿದ್ದು ಮಾರಾಟವಲ್ಲ, ಗುತ್ತಿಗೆ. ಗುತ್ತಿಗೆಯಲ್ಲಿ ಮನೆ ನಿಮ್ಮ ಹೆಸರಲ್ಲೇ ಇರುತ್ತದೆ, ಹಾಕಿದ ಷರತ್ತಿಗೆ ಬಲ ಇರುತ್ತದೆ. ಐದು ಜನ ಅಣ್ಣತಮ್ಮಂದಿರು, ಅಕ್ಕತಂಗಿಯರು ಇದ್ದರೆ ಒಟ್ಟಿಗೆ ಕೈಗೆ ಬರುವ ದುಡ್ಡು ಕಡಿಮೆ, ಅದು ನಿಜ. ಸಾಲ ತೀರಿಸಲೇಬೇಕಾದವರಿಗೆ ಈ ಮಾತು ಹೇಳುವ ಹಕ್ಕು ನನಗಿಲ್ಲ. ಆದರೆ ಅಂಥ ತುರ್ತು ಇಲ್ಲದವರೂ ಮೊದಲು ಬ್ರೋಕರ್‌ಗೇ ಫೋನ್ ಮಾಡುತ್ತಾರಲ್ಲ, ಅವರನ್ನು ಕೇಳಿಕೊಳ್ಳುತ್ತೇನೆ. ಶಾಲೆಗೋ, ಗ್ಯಾಲರಿಗೋ, ಸಣ್ಣ ಹೋಟೆಲಿಗೋ ದೀರ್ಘ ಗುತ್ತಿಗೆಗೆ ಕೊಡಲು ಆಗುತ್ತದಾ ನೋಡಿ. ಕರಾರಿಗೆ ಮುಂಚೆ ಸುಣ್ಣದ ಕೆಲಸ ಬಲ್ಲ ಮೇಸ್ತ್ರಿಯೊಬ್ಬರನ್ನು ಕರೆಸಿ ಗೋಡೆ, ಜಂತಿ ಎಲ್ಲ ತೋರಿಸಿ. ಪ್ರತಿ ಕೋಣೆಯ ಅಳತೆ ಮತ್ತು ಫೋಟೋ ತೆಗೆದು ಕರಾರಿಗೆ ಲಗತ್ತಿಸಿ. ಗೋಡೆಗೆ ಸಿಮೆಂಟ್ ಮುಟ್ಟಿಸಬಾರದು ಎಂದು ಅದರಲ್ಲೇ ಬರೆಸಿ.

ನಮಸ್ಕಾರ.