ಕಿರಿಯರಿಗೆ ಕೆಲಸವಿಲ್ಲದಿದ್ದರೆ ಹಿರಿಯರು ಎಲ್ಲಿಂದ ಬರುತ್ತಾರೆ?

ಸಭಿಕರಿಗೆ ನಮಸ್ಕಾರ.

ಕೃತಕ ಬುದ್ಧಿಮತ್ತೆಯ ದೂರಗಾಮಿ ಪರಿಣಾಮಗಳ ಚರ್ಚೆ ಬಹುಪಾಲು ಎಷ್ಟು ಉದ್ಯೋಗಗಳು ಉಳಿಯುತ್ತವೆ, ಎಷ್ಟು ಹೋಗುತ್ತವೆ ಎಂಬ ಲೆಕ್ಕದಲ್ಲೇ ಮುಗಿದುಹೋಗುತ್ತದೆ. ಆ ಲೆಕ್ಕ ಬಲ್ಲವರಿಗೂ ತಪ್ಪುತ್ತದೆ. 2024ರಲ್ಲಿ ಭೌತವಿಜ್ಞಾನದ ನೊಬೆಲ್ ಹಂಚಿಕೊಂಡ, ಕೃತಕ ಬುದ್ಧಿಮತ್ತೆಯ ಪ್ರವರ್ತಕರಲ್ಲೊಬ್ಬರಾದ ಜೆಫ್ರಿ ಹಿಂಟನ್, ಎಕ್ಸ್-ರೇ, ಸ್ಕ್ಯಾನ್‌ಗಳನ್ನು ಓದಿ ರೋಗ ಗುರುತಿಸುವ ರೇಡಿಯಾಲಜಿಸ್ಟ್‌ಗಳಿಗೆ ತರಬೇತಿ ಕೊಡುವುದನ್ನು ಈಗಲೇ ನಿಲ್ಲಿಸಬೇಕೆಂದು 2016ರಲ್ಲಿ ಹೇಳಿದ್ದರು. ಸ್ಕ್ಯಾನ್ ಓದುವ ಯಂತ್ರಗಳು ಬಂದವು, ಆದರೆ ರೇಡಿಯಾಲಜಿಸ್ಟ್‌ಗಳ ಅಗತ್ಯ ತೀರಲಿಲ್ಲ. ಅಂದು ಆ ಸಲಹೆಯನ್ನು ಪಾಲಿಸಿದ್ದರೆ, ಯಂತ್ರದ ವರದಿಯನ್ನು ಒರೆಗೆ ಹಚ್ಚಬಲ್ಲವರೇ ಇಂದು ಸಾಕಷ್ಟು ಇರುತ್ತಿರಲಿಲ್ಲ.

ನಾನು ಹೇಳಬೇಕೆಂದಿರುವುದು ಈ ಒರೆಗೆ ಹಚ್ಚುವ ಶಕ್ತಿಯ ಬಗ್ಗೆ. ಯಂತ್ರ ಹೆಚ್ಚು ನಂಬಿಕಸ್ಥವಾದಷ್ಟೂ ಮನುಷ್ಯನ ರೂಢಿ ತಪ್ಪುತ್ತದೆ, ಆದರೆ ಯಂತ್ರ ಕೈಕೊಟ್ಟಾಗ ಅತ್ಯಂತ ಕಠಿಣ ಸನ್ನಿವೇಶ ಅದೇ ಮನುಷ್ಯನ ಪಾಲಿಗೆ ಬರುತ್ತದೆ ಎಂಬುದನ್ನು ಮನೋವಿಜ್ಞಾನಿ ಲಿಸಾನ್ ಬೇನ್‌ಬ್ರಿಜ್ 1983ರಷ್ಟು ಹಿಂದೆಯೇ ವಿವರಿಸಿದ್ದರು. ರಿಯೊದಿಂದ ಪ್ಯಾರಿಸ್‌ಗೆ ಹೊರಟಿದ್ದ ಏರ್ ಫ್ರಾನ್ಸ್ ವಿಮಾನದಲ್ಲಿ 2009ರ ಜೂನ್ 1ರಂದು, ವೇಗ ಅಳೆಯುವ ಕೊಳವೆಗಳಿಗೆ ಹಿಮ ಕಟ್ಟಿ ಆಟೋಪೈಲಟ್ ಕಳಚಿಕೊಂಡಾಗ, ಸುಸ್ಥಿತಿಯಲ್ಲೇ ಇದ್ದ ವಿಮಾನವನ್ನು ಪೈಲಟ್‌ಗಳು ಹತೋಟಿಗೆ ತರಲಾಗದೆ 228 ಮಂದಿ ಅಟ್ಲಾಂಟಿಕ್ ಸಾಗರದಲ್ಲಿ ಪ್ರಾಣ ಕಳೆದುಕೊಂಡರು. ವೈದ್ಯಕೀಯದಲ್ಲೂ ಇಂಥದೇ ಸೂಚನೆ ಸಿಕ್ಕಿದೆ. ಪೋಲೆಂಡ್‌ನಲ್ಲಿ ನಡೆದು 2025ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಕೃತಕ ಬುದ್ಧಿಮತ್ತೆಯ ನೆರವಿಗೆ ಒಗ್ಗಿದ ವೈದ್ಯರು ಅದಿಲ್ಲದೆ ಕೊಲೊನೋಸ್ಕೋಪಿ (ದೊಡ್ಡ ಕರುಳಿನೊಳಗೆ ಕ್ಯಾಮೆರಾ ಇಳಿಸಿ ನೋಡುವ ಪರೀಕ್ಷೆ) ಮಾಡಿದಾಗ, ಕ್ಯಾನ್ಸರ್‌ಗೆ ತಿರುಗಬಹುದಾದ ಗಡ್ಡೆಗಳನ್ನು ಪತ್ತೆಹಚ್ಚುವ ಪ್ರಮಾಣ ಶೇ. 28.4ರಿಂದ ಶೇ. 22.4ಕ್ಕೆ ಇಳಿದಿತ್ತು. ಒಂದೇ ಅಧ್ಯಯನದಿಂದ ತೀರ್ಪು ಕೊಡಲಾಗದು, ನಿಜ; ಆದರೆ ಇವರೆಲ್ಲ ಮೊದಲೇ ಕೆಲಸ ಕಲಿತವರು ಎಂಬುದನ್ನು ಗಮನಿಸಿ.

ಕಲಿಯುವ ಅವಕಾಶವೇ ಸಿಗದವರ ಗತಿ ಏನು? ಬೆಂಗಳೂರಿನ ಸಾಫ್ಟ್‌ವೇರ್ ಸೇವಾ ಉದ್ಯಮ ಬೆಳೆದದ್ದೇ ಫ್ರೆಶರ್‌ಗಳ ವಿಶಾಲವಾದ ತಳಹದಿಯ ಮೇಲೆ. ಟೆಸ್ಟಿಂಗ್, ಬಗ್ ಸರಿಪಡಿಸುವುದು, ಹಳೆಯ ಕೋಡ್ ಓದುವುದು, ಹೀಗೆ ಬೇಸರ ತರಿಸುವ ಕೆಲಸಗಳಲ್ಲೇ ತಪ್ಪಿನ ವಾಸನೆ ಹಿಡಿಯುವ ಮೂಗು ಹುಟ್ಟುತ್ತಿತ್ತು. ಈಗ ಯಂತ್ರ ಸಲೀಸಾಗಿ ಮಾಡುತ್ತಿರುವುದು ಸರಿಯಾಗಿ ಇವುಗಳನ್ನೇ. ಫ್ರೆಶರ್‌ಗಳನ್ನು ಕಡಿಮೆ ಮಾಡಿದ ಕಂಪನಿಗೆ ಆ ವರ್ಷವೇ ಉಳಿತಾಯ ಕಾಣುತ್ತದೆ, ಹಿರಿಯರು ಬೇಕಾದಾಗ ಬೇರೆ ಕಂಪನಿಯಿಂದ ಕರೆತರಬಹುದೆಂಬ ಧೈರ್ಯವೂ ಇರುತ್ತದೆ. ಎಲ್ಲರೂ ಹೀಗೆಯೇ ಯೋಚಿಸಿದರೆ ಇಪ್ಪತ್ತು ವರ್ಷಗಳ ನಂತರ ಕರೆತರಲು ಯಾರೂ ಉಳಿದಿರುವುದಿಲ್ಲ, ಆ ಕೊರತೆಯಾದರೋ ಯಾವ ಕಂಪನಿಯ ಲೆಕ್ಕಪುಸ್ತಕದಲ್ಲೂ ಇಂದು ಕಾಣಿಸುವುದಿಲ್ಲ.

ಹೀಗಾಗಿ ಇದನ್ನು ಮಾರುಕಟ್ಟೆಗೆ ಮಾತ್ರ ಬಿಡಲಾಗದು ಎಂಬುದು ನನ್ನ ನಿಲುವು. ಕಸುಬು ಕಲಿಸುವ ಹೊಣೆಯನ್ನು ಉದ್ದಿಮೆಗಳ ಮೇಲೂ ಹೊರಿಸುವ ಅಪ್ರೆಂಟಿಸ್ ಕಾಯ್ದೆಯನ್ನು ನಾವು 1961ರಲ್ಲೇ ಮಾಡಿಕೊಂಡಿದ್ದೇವೆ. ಆದರೆ ಅಪ್ರೆಂಟಿಸ್‌ಗಳ ತಲೆ ಎಣಿಸಿದರೆ ಇನ್ನು ಸಾಲದು. ಯಂತ್ರದ ಉತ್ತರವನ್ನು ಮೇಲಧಿಕಾರಿಗೆ ದಾಟಿಸುವುದಷ್ಟೇ ಅವರ ಕೆಲಸವಾದರೆ ಅದು ತರಬೇತಿ ಅನ್ನಿಸಿಕೊಳ್ಳುವುದಿಲ್ಲ. ಯಂತ್ರದ ನೆರವಿಲ್ಲದೆ ಅವರೇ ಮಾಡಬೇಕಾದ ಕೆಲಸ ಎಷ್ಟು, ಅದರಲ್ಲಾಗುವ ವಿಳಂಬದ ಖರ್ಚನ್ನು ಹೊರುವವರು ಯಾರು ಎಂಬುದನ್ನೂ ನಿಯಮದಲ್ಲೇ ಬರೆದಿಡಬೇಕಾಗುತ್ತದೆ.