ಕಂಪನಿಯೇ ದೇಶ ಆಳಿದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಈಚೆಗೆ ಎಲ್ಲಿ ಹೋದರೂ ಒಂದು ಮಾತು ಕಿವಿಗೆ ಬೀಳುತ್ತದೆ. ಮದುವೆ ಮನೆಯಲ್ಲಿ ಪಂಕ್ತಿಯಲ್ಲಿ ಕೂತಾಗಲೋ, ಬಸ್ಸಿಗೆ ಕಾಯುವಾಗಲೋ ಯಾರಾದರೊಬ್ಬರು ಹೇಳಿಯೇ ಹೇಳುತ್ತಾರೆ: "ಈ ರಾಜಕೀಯದವರ ಸಹವಾಸ ಸಾಕು ಸ್ವಾಮಿ. ದೇಶಾನ ಒಂದು ಒಳ್ಳೆ ಕಂಪನಿ ಥರ ನಡೆಸಿದ್ರೆ ಎಲ್ಲ ಸರಿಹೋಗುತ್ತೆ." ಸುತ್ತ ಇದ್ದವರು ಹೌದು ಹೌದು ಅಂತ ತಲೆಯಾಡಿಸುತ್ತಾರೆ. ಇತಿಹಾಸ ಪಾಠ ಮಾಡಿದವನಾಗಿ ನನಗೆ ಇದನ್ನು ಕೇಳಿ ಸುಮ್ಮನಿರಲು ಆಗುವುದಿಲ್ಲ. ಹಾಗೆ ನಡೆಸಿದರೆ ಏನಾಗುತ್ತದೆ ಎಂದು ನಾವು ಊಹೆ ಮಾಡಬೇಕಾಗಿಲ್ಲ. ನಮ್ಮ ನೆಲವನ್ನು ಒಂದು ಕಂಪನಿಯೇ ಆಳಿದೆ. ಅದರ ಲೆಕ್ಕಪತ್ರಗಳೂ ಉಳಿದಿವೆ.

1765ರ ಆಗಸ್ಟ್ ತಿಂಗಳು. ಅಲಹಾಬಾದಿನಲ್ಲಿ ಮೊಗಲ್ ಬಾದಶಹ ಎರಡನೆಯ ಷಾ ಆಲಂ ಬಂಗಾಳ, ಬಿಹಾರ, ಒರಿಸ್ಸಾಗಳ ದಿವಾನಿಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬರೆದುಕೊಟ್ಟ. ಕಂಪನಿಯ ಪರವಾಗಿ ಪಡೆದುಕೊಂಡವನು ರಾಬರ್ಟ್ ಕ್ಲೈವ್. ದಿವಾನಿ ಅಂದರೆ ಕಂದಾಯ ಎತ್ತುವ ಅಧಿಕಾರ. ಬಾದಶಹನಿಗೆ ವರ್ಷಕ್ಕೆ 26 ಲಕ್ಷ ರೂಪಾಯಿ, ನವಾಬನ ಖರ್ಚಿಗೆ ಒಂದಷ್ಟು, ಮಿಕ್ಕಿದ್ದು ಕಂಪನಿಗೆ. ಅಲ್ಲಿಯವರೆಗೆ ಬಂಗಾಳದ ಹತ್ತಿಬಟ್ಟೆ, ರೇಷ್ಮೆ ಕೊಳ್ಳಬೇಕಾದರೆ ಕಂಪನಿಯವರು ಹಡಗಿನಲ್ಲಿ ಬೆಳ್ಳಿ ಹೇರಿಕೊಂಡು ಬರಬೇಕಿತ್ತು. ಈಗ ರೈತ ಕಟ್ಟಿದ ಕಂದಾಯದಲ್ಲೇ ಪಕ್ಕದ ಊರಿನ ನೇಕಾರನ ಬಟ್ಟೆ ಕೊಂಡು ಲಂಡನ್ನಿಗೆ ಸಾಗಿಸಬಹುದಾಯಿತು. ದುಡ್ಡೂ ಇಲ್ಲಿಯದೇ, ಮಾಲೂ ಇಲ್ಲಿಯದೇ, ಲಾಭ ಮಾತ್ರ ಅವರದು. ಬರೀ ವ್ಯಾಪಾರದ ಕಣ್ಣಿನಿಂದ ನೋಡಿದರೆ ಇಷ್ಟು ಜಾಣ ಏರ್ಪಾಡು ಇನ್ನೊಂದಿಲ್ಲ.

ನಾಲ್ಕು ವರ್ಷ ಕಳೆಯಿತು. 1769ರಲ್ಲಿ ಮಳೆ ಕೈಕೊಟ್ಟಿತು. ಗದ್ದೆ ಒಣಗಿತು, ಅಕ್ಕಿಯ ಬೆಲೆ ಏರಿತು. ಜನ ಮೊದಲು ದನ ಮಾರಿದರು, ಆಮೇಲೆ ನೇಗಿಲು ಮಾರಿದರು, ಕೊನೆಗೆ ಬಿತ್ತನೆಗೆ ಇಟ್ಟ ಕಾಳನ್ನೇ ಬೇಯಿಸಿಕೊಂಡರು. 1770ರ ಬೇಸಿಗೆಯ ಹೊತ್ತಿಗೆ ಹೆಣ ಹೂಳುವವರಿಲ್ಲ. ಬರ ಬಂದರೆ ಕಂದಾಯ ಬಿಡುವುದು, ಗಂಜಿ ಹಾಕಿಸುವುದು ನಮ್ಮ ದೇಶದಲ್ಲಿ ಆಳುವವರಿಂದ ಜನ ನಿರೀಕ್ಷಿಸುತ್ತಿದ್ದ ಧರ್ಮ. ಕಂಪನಿ ಒಂದಿಷ್ಟು ಅಕ್ಕಿ ಹಂಚಿತು ನಿಜ, ಆದರೆ ವಸೂಲಿ ನಿಲ್ಲಲಿಲ್ಲ. 1772ರಲ್ಲಿ ಕಂಪನಿಯ ಬಂಗಾಳದ ಗವರ್ನರ್ ವಾರನ್ ಹೇಸ್ಟಿಂಗ್ಸ್ ಲಂಡನ್ನಿಗೆ ಒಂದು ಕಾಗದ ಬರೆದ. ಅದರಲ್ಲಿ ಎರಡು ವಿಷಯಗಳಿವೆ, ದಯವಿಟ್ಟು ಗಮನ ಕೊಟ್ಟು ಕೇಳಿ. ಒಂದು, ಬಂಗಾಳದ ಮೂರರಲ್ಲೊಂದು ಪಾಲು ಜನ ಸತ್ತುಹೋದರು. ಎರಡು, 1771ರ ಕಂದಾಯ ಬರಕ್ಕೆ ಮುಂಚಿನ 1768ಕ್ಕಿಂತಲೂ ಹೆಚ್ಚಾಗಿ ವಸೂಲಾಯಿತು!

ಸತ್ತವರು ಕಂದಾಯ ಕಟ್ಟುವುದಿಲ್ಲವಲ್ಲ, ಹೆಚ್ಚಿದ್ದು ಹೇಗೆ? ಅದಕ್ಕೂ ಆ ಕಾಗದದಲ್ಲೇ ಉತ್ತರವಿದೆ. ನಜಾಯ್ ಅಂತ ಒಂದು ತೆರಿಗೆ. ಪಕ್ಕದ ಮನೆಯವನು ಸತ್ತಿದ್ದರೆ, ಇಲ್ಲವೇ ಊರು ಬಿಟ್ಟು ಓಡಿಹೋಗಿದ್ದರೆ, ಅವನ ಪಾಲಿನ ಕಂದಾಯವನ್ನು ಬದುಕಿ ಉಳಿದವನೇ ಕಟ್ಟಬೇಕು. ಊರಿನಲ್ಲಿ ಹೆಚ್ಚು ಜನ ಸತ್ತಷ್ಟೂ ಉಳಿದವರ ಮೇಲೆ ಹೆಚ್ಚು ಹೊರೆ. ಆ ದಿನಗಳಲ್ಲೇ ಲಂಡನ್ನಿನಲ್ಲಿ ಷೇರುದಾರರು ತಮಗೆ ತಾವೇ ಶೇಕಡಾ 12.5ರಷ್ಟು ಲಾಭಾಂಶ ಹಂಚಿಕೊಂಡರು.

ನಾನು ಒತ್ತಿ ಹೇಳಬೇಕೆಂದಿರುವುದು ಇದನ್ನೇ. ಕಂಪನಿ ಲೆಕ್ಕ ಒಪ್ಪಿಸುವುದು ಷೇರು ಕೊಂಡವನಿಗೆ. ಸರ್ಕಾರ ಲೆಕ್ಕ ಒಪ್ಪಿಸಬೇಕಾದದ್ದು ಏನನ್ನೂ ಕೊಳ್ಳಲಾಗದವನಿಗೂ ಸೇರಿ. ಲಂಡನ್ನಿನ ಆ ನಿರ್ದೇಶಕರು ಮನೆಯಲ್ಲಿ ಒಳ್ಳೆಯವರೇ ಇದ್ದಿರಬಹುದು. ಆದರೆ ಬಂಗಾಳದ ರೈತ ಅವರನ್ನು ಪ್ರಶ್ನೆ ಕೇಳುವ ಹಾಗಿರಲಿಲ್ಲ, ಇಳಿಸುವ ಹಾಗಿರಲಿಲ್ಲ.

ಇಷ್ಟೆಲ್ಲ ಮಾಡಿದ ಮೇಲಾದರೂ ಕಂಪನಿ ಉದ್ಧಾರವಾಯಿತೇ? ಇಲ್ಲ. 1772ರ ಹೊತ್ತಿಗೆ ಕೈ ಬರಿದಾಗಿ ಬ್ರಿಟನ್ನಿನ ಸರ್ಕಾರದ ಮುಂದೆ ಸಾಲಕ್ಕೆ ನಿಂತಿತು. ಮರುವರ್ಷ ಪಾರ್ಲಿಮೆಂಟು 14 ಲಕ್ಷ ಪೌಂಡು ಸಾಲ ಕೊಟ್ಟು, ಜೊತೆಗೆ ರೆಗ್ಯುಲೇಟಿಂಗ್ ಕಾಯಿದೆಯ ಮೂಗುದಾರ ಹಾಕಿತು. ಮುಕ್ತ ವ್ಯಾಪಾರದ ಪಿತಾಮಹ ಅಂತ ನಾವು ಕರೆಯುವ ಆಡಂ ಸ್ಮಿತ್ 1776ರಲ್ಲೇ ಬರೆದಿಟ್ಟಿದ್ದಾನೆ: ಯಾವ ದೇಶಕ್ಕೇ ಆಗಲಿ, ವರ್ತಕರ ಕಂಪನಿಯೊಂದರ ಆಡಳಿತ ಬಹುಶಃ ಎಲ್ಲಕ್ಕಿಂತ ಕೆಟ್ಟ ಆಡಳಿತ. ಅಂಗಡಿಯಲ್ಲಿ ಕೂತು ರೇಡಿಯೋ ಕೇಳುತ್ತಿರುವ ನನ್ನ ವರ್ತಕ ಬಂಧುಗಳು ಇದನ್ನು ತಪ್ಪು ತಿಳಿಯಬಾರದು. ವ್ಯಾಪಾರ ಬೇಕು, ಲಾಭವೂ ಬೇಕು. ಆಳ್ವಿಕೆ ಮಾತ್ರ ಲಾಭದ ಕೈಯಲ್ಲಿ ಇರಬಾರದು.

ಕಂಪನಿಯೂ ಬೆಳೆದು ನಾಡೂ ಬೆಳೆದದ್ದಕ್ಕೆ ನಮ್ಮ ಮೈಸೂರಿನದೇ ಉದಾಹರಣೆ ಇದೆ. ಕೋಲಾರದ ಚಿನ್ನದ ಗಣಿ ನಡೆಸುತ್ತಿದ್ದದ್ದು ಜಾನ್ ಟೇಲರ್ ಅಂಡ್ ಸನ್ಸ್. ಯಂತ್ರ ಓಡಿಸಲು ಅವರಿಗೆ ಶಕ್ತಿ ಬೇಕಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಮೈಸೂರು ಸರ್ಕಾರ ಶಿವನಸಮುದ್ರದ ವಿದ್ಯುತ್ ಯೋಜನೆಯನ್ನು ತಾನೇ ಕೈಗೆತ್ತಿಕೊಂಡಿತು. 1902ರಲ್ಲಿ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟಿತು, ದುಡ್ಡು ತೆಗೆದುಕೊಂಡು. ಅಯ್ಯರ್ ಅದನ್ನು ನೋಡಲಿಲ್ಲ, ಹಿಂದಿನ ವರ್ಷವೇ ತೀರಿಕೊಂಡಿದ್ದರು. ಜಲಪಾತ ಸರ್ಕಾರದ ಕೈಯಲ್ಲೇ ಉಳಿದಿದ್ದರಿಂದ 1905ರಲ್ಲಿ ಬೆಂಗಳೂರಿನ ಬೀದಿಗಳಿಗೂ ಅದೇ ನೀರಿನ ಬೆಳಕು ಬಂತು. ಇದರ ಬಗ್ಗೆ ಇನ್ನೂ ಹೇಳುವುದು ಬಹಳ ಇತ್ತು, ಬಂಗಾಳವೇ ಹೆಚ್ಚು ಹೊತ್ತು ತೆಗೆದುಕೊಂಡಿತು.

ಹೊತ್ತಾಯಿತೆಂದು ಈ ಕಾರ್ಯಕ್ರಮದ ನಿರ್ದೇಶಕರು ಕೈ ತೋರಿಸುತ್ತಿದ್ದಾರೆ, ಒಂದೇ ವಿಷಯ ಹೇಳಿ ಬಿಡುತ್ತೇನೆ. ಇವತ್ತು ಯಾವ ಕಂಪನಿಯೂ ದಿವಾನಿ ಬರೆಸಿಕೊಳ್ಳಬೇಕಾಗಿಲ್ಲ, ಪಕ್ಷಗಳಿಗೆ ದೇಣಿಗೆ ಕೊಟ್ಟರೆ ಸಾಕು. ಮೊದಲು ಕಂಪನಿಯೊಂದು ತನ್ನ ಹಿಂದಿನ ಮೂರು ವರ್ಷಗಳ ಸರಾಸರಿ ಲಾಭದ ಶೇಕಡಾ 7.5ರಷ್ಟನ್ನು ಮಾತ್ರ ಹಾಗೆ ಕೊಡಬಹುದಿತ್ತು. 2017ರಲ್ಲಿ ಆ ಮಿತಿ ತೆಗೆದರು, ಕೊಟ್ಟವರ ಹೆಸರು ಜನರಿಗೆ ತಿಳಿಯದ ಚುನಾವಣಾ ಬಾಂಡನ್ನೂ ತಂದರು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಎರಡನ್ನೂ ಒಮ್ಮತದಿಂದ ರದ್ದು ಮಾಡಿತು. ಪಕ್ಷಕ್ಕೆ ಯಾರು ದುಡ್ಡು ಕೊಡುತ್ತಿದ್ದಾರೆ ಎಂದು ತಿಳಿಯುವುದು ಮತದಾರನ ಹಕ್ಕು ಎಂದಿತು. ಆ ಬಾಂಡುಗಳನ್ನು ಕೊಂಡವರ ಪಟ್ಟಿ, ಪಡೆದ ಪಕ್ಷಗಳ ಪಟ್ಟಿ ಎರಡೂ ಚುನಾವಣಾ ಆಯೋಗದ ಜಾಲತಾಣದಲ್ಲಿ ಪ್ರಕಟವಾದವು. ಕಾಲೇಜಿನ ಮಕ್ಕಳು ಅವನ್ನು ಅಕ್ಕಪಕ್ಕ ಇಟ್ಟುಕೊಂಡು ಓದಿ, ಮನೆಯಲ್ಲಿ ಹಿರಿಯರಿಗೂ ಓದಿ ಹೇಳಿ. ನಮಸ್ಕಾರ.