ಗಾಂಭೀರ್ಯ ಯಾರಿಗೆ ಬೇಕು ಸ್ವಾಮಿ?

ನಮಸ್ಕಾರ, ಶಿರಸಿಯಿಂದ ಮಾತಾಡುತ್ತಿದ್ದೇನೆ. ಹೊರಗೆ ಜಡಿಮಳೆ. ಹಂಚಿನ ಸದ್ದು ಮೈಕಿಗೆ ಬಂದರೆ ಸುಧಾರಿಸಿಕೊಳ್ಳಿ. ಪತ್ರಿಕೆಗಳ ಭಾಷೆ ಸ್ವಲ್ಪ ನೆಲಕ್ಕಿಳಿಯಲಿ ಎಂದು ಹೋದ ವಾರ ಹೇಳಿದ್ದೆ. ಅದಕ್ಕೊಬ್ಬ ಮಹನೀಯರ ಕಾಮೆಂಟು: "ಸಂತೆಯ ಮಾತು ಅಚ್ಚಿಗೆ ಸಲ್ಲದು. ಪತ್ರಿಕೆಗೆ ಗಾಂಭೀರ್ಯ ಬೇಕು." ಚಂದಾ ಕಟ್ಟುವವರು ಸಂತೆಗೆ ಹೋಗುವವರೇ ಅಲ್ವಾ?

ನನ್ನದು ಒಂದೇ ಮಾತು. ಯಾರು ಓದುತ್ತಾರೋ ಅವರ ಜೊತೆ ಮಾತಾಡಿದ ಹಾಗೆ ಬರೆಯಿರಿ.

ಅಡಿಕೆ ತೋಟದವರಿಗೆಂದೇ ಬರುವ ಒಂದು ಮಾಸಿಕ ಕೈಯಲ್ಲಿದೆ. ಹೆಸರು ಬೇಡ, ಸಂಪಾದಕರು ನಮ್ಮ ನೆಂಟರು. ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಲೇಖನ, ಕೇಳಿ: "ಮುಂಗಾರು ಪೂರ್ವದಲ್ಲಿ ಶಿಲೀಂಧ್ರನಾಶಕ ದ್ರಾವಣದ ಸಿಂಪರಣಾ ಕಾರ್ಯವನ್ನು ಕೈಗೊಳ್ಳುವುದು ಸೂಕ್ತವೆಂದು ಪರಿಗಣಿಸಲಾಗಿದೆ." ಯಾರು ಪರಿಗಣಿಸಿದ್ದು? ಯಾರು ಕೈಗೊಳ್ಳಬೇಕು? ಇದನ್ನು ಬಿಡಿಸಿಕೊಳ್ಳುವಷ್ಟರಲ್ಲಿ ಅರ್ಧ ಕಾಯಿ ಉದುರಿ ಮರದ ಬುಡದಲ್ಲಿರುತ್ತದೆ.

ಹೀಗೆ ಬರೆದರೆ ಯಾರಪ್ಪನ ಗಂಟು ಹೋಗುತ್ತದೆ? "ಮಳೆ ಹಿಡಿಯುವ ಮೊದಲೇ ಒಂದು ಸಲ ಬೋರ್ಡೋ ದ್ರಾವಣ ಹೊಡೆಸಿ. 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಕಲಸಿದ ದಿನವೇ ಖಾಲಿ ಮಾಡಿ. 40-45 ದಿನ ಬಿಟ್ಟು ಇನ್ನೊಂದು ಸಲ. ಮರ ಹತ್ತುವ ಕೊನೆಗೌಡನಿಗೆ ಈಗಲೇ ಹೇಳಿಡಿ." ಮುಗಿಯಿತು. ಓದಿದವನು ಎದ್ದು ಕೊನೆಗೌಡನಿಗೆ ಫೋನ್ ಹಚ್ಚುತ್ತಾನೆ.

"ಹಾಗಾದರೆ ಯಾರ ಆಡುಮಾತು? ಹವ್ಯಕ ಕನ್ನಡವೋ, ಹಾಲಕ್ಕಿ ಕನ್ನಡವೋ?" ಎನ್ನುವ ಜಾಣರಿದ್ದಾರೆ. ಅಯ್ಯೋ, "ಎಂತದೋ ಮಾರಾಯ" ಅಂತ ಸಂಪಾದಕೀಯ ಶುರು ಮಾಡಿ ಎಂದೆನೇ ನಾನು? ಕಾರವಾರದಲ್ಲಿ ಎಷ್ಟೋ ಮನೆಗಳ ಒಳಗೆ ಕೊಂಕಣಿ. ಕನ್ನಡ ಅವರಿಗೆ ಶಾಲೆಯಲ್ಲಿ ಸಿಕ್ಕಿದ್ದು. ಘಟ್ಟದ ಮೇಲಿನ ನಮ್ಮ ಮಾತು ಹಾಕಿದರೆ ಅವರಿಗೆ ಕಷ್ಟ, "ಪರಿಗಣಿಸಲಾಗಿದೆ" ಎಂದರೆ ಇನ್ನೂ ಜಾಸ್ತಿ ಕಷ್ಟ. ಎಲ್ಲರಿಗೂ ತಿಳಿಯುವ ಸಾದಾ ಕನ್ನಡ ಇದೆಯಲ್ಲ, ಅದಕ್ಕೇನು ಬಂದಿದೆ ದೊಡ್ಡ ರೋಗ?

ಮರ್ಯಾದೆ ಕಮ್ಮಿಯಾಗುತ್ತದಂತೆ! ನಮ್ಮ ಅಂಕೋಲೆಯ ದಿನಕರ ದೇಸಾಯಿಯವರು 4 ಸಾಲಿನ ಚುಟುಕ ಬರೆದರು, ನಿಘಂಟು ಬೇಡದ ಕನ್ನಡದಲ್ಲಿ. 'ಜನಸೇವಕ' ವಾರಪತ್ರಿಕೆ ನಡೆಸಿದರು. 1967ರಲ್ಲಿ ಇದೇ ಜಿಲ್ಲೆಯ ಜನ ಅವರನ್ನು ಲೋಕಸಭೆಗೆ ಕಳಿಸಿದರು. ಗಾಂಭೀರ್ಯ ಸಾಲದು ಅಂತ ಮನೆಯಲ್ಲಿ ಕೂರಿಸಲಿಲ್ಲ.

ಅಂದಹಾಗೆ ಅತ್ತಿಗೆಯ ಅಪ್ಪೆಮಿಡಿ ಉಪ್ಪಿನಕಾಯಿ ತಯಾರಾಗಿದೆ, ನಂಬರ್ ವಿಡಿಯೊದ ಕೆಳಗಿದೆ. ಅಲ್ಲಿ "ಅಪ್ಪೆಮಿಡಿ ಉಪ್ಪಿನಕಾಯಿ ಇದೆ, ಬೇಕಾದರೆ ಹೇಳಿ" ಅಂತಷ್ಟೇ ಬರೆದಿದ್ದೇವೆ. ಅರ್ಥವಾಯಿತಲ್ಲ?

ಇನ್ನೂ ಒಂದು ಕಾರಣ ಬರೆದಿಟ್ಟಿದ್ದೆ, ಚೀಟಿ ಎಲ್ಲಿ ಹೋಯಿತೋ. ಇರಲಿ, ಅದೂ ಇದೇ ಮಾತು. ಓದುವವರ ಜೊತೆ ಮಾತಾಡಿ! ಅವರೆದುರು ಸುಮ್ನೆ ಶಾಲು ಹೊದ್ದು ಭಾಷಣ ಬಿಗಿಯಬೇಡಿ! ಸಬ್‌ಸ್ಕ್ರೈಬ್ ಮಾಡಿ. ಮುಂದಿನ ವಾರ ಮದುವೆ ಕರೆಯೋಲೆಯ ಭಾಷೆ ಹಿಡಿದು ಜಾಡಿಸುತ್ತೇನೆ, ಕರೆಂಟು ಇದ್ದರೆ.